ಕೌದಿಯ ಅಂಚುಪಟ್ಟಿಗೆ ಕಾಣದ ಕೈಹೊಲಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೌದಿ ಹೊಲಿಯುವುದನ್ನು ಹೇಳಿಕೊಡುವಾಗ ನಡುವಿನ ಹೊಲಿಗೆಯ ಬಗ್ಗೆ ಯಾರೂ ಅಷ್ಟಾಗಿ ಕೇಳುವುದಿಲ್ಲ. ಅಂಚಿಗೆ ಬಂದ ಕೂಡಲೇ ಪ್ರಶ್ನೆಗಳ ಸಾಲು ಶುರುವಾಗುತ್ತದೆ. ದಾರ ಕಾಣ್ತಿದೆ, ಮೂಲೆ ಉಬ್ಬಿದೆ, ಪಟ್ಟಿ ಸಾಲಲಿಲ್ಲ, ಅಂಚು ಅಲೆ ಅಲೆಯಾಗಿದೆ. ಹಾಗೆ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪಟ್ಟಿಯನ್ನು ಮುಂಭಾಗಕ್ಕೆ ಮಿಷನ್ನಿನಲ್ಲಿ ಹೊಲಿದು, ಹಿಂದಕ್ಕೆ ಮಡಚಿ, ಹಿಂಭಾಗದಲ್ಲಿ ದಾರ ಕಾಣದ ಹಾಗೆ ಕೈಯಲ್ಲಿ ಮುಗಿಸುವ ಕ್ರಮ ಇದು. ಹೊರದೇಶದ ಕ್ವಿಲ್ಟ್‌ಗೂ ನಮ್ಮ ಕೌದಿಗೂ ಇದೇ ನಡೆಯುತ್ತದೆ.

ಅಂಚುಪಟ್ಟಿ ಅಂದರೇನು? ಕೌದಿಗೆ ಅದು ಬೇಕೇ ಬೇಕಾ?

ಮೇಲ್ಬಟ್ಟೆ, ನಡುವಿನ ಪದರ, ಹಿಂಬಟ್ಟೆ ಮೂರನ್ನೂ ಸೇರಿಸಿ ಹೊಲಿದ ಮೇಲೆ ನಾಲ್ಕೂ ಕಡೆ ಕತ್ತರಿಸಿದ ಅಂಚು ಹಾಗೇ ಉಳಿಯುತ್ತದೆ. ಅದನ್ನು ಮುಂದಿನಿಂದ ಹಿಂದಕ್ಕೆ ಸುತ್ತಿ ಮುಚ್ಚುವ ಉದ್ದನೆಯ ಬಟ್ಟೆಯೇ ಅಂಚುಪಟ್ಟಿ. ಬೈಂಡಿಂಗ್ ಅಂತ ಕರೆಯುವವರೂ ಇದ್ದಾರೆ.

ಬೇಕೇ ಬೇಕು ಅಂತೇನಿಲ್ಲ. ಹಳೆ ಸೀರೆ, ಧೋತರ ಪದರ ಪದರ ಹಾಸಿ ಹೊಲಿಯುವ ಕೌದಿಯಲ್ಲಿ ಹೊರಗಿನ ಸೀರೆಯನ್ನೇ ಒಳಕ್ಕೆ ಮಡಚಿ ಮುಗಿಸಿಬಿಡುವವರು ಬಹಳ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ಧಿ ಹೆಂಗಸರು ಹೊಲಿಯುವ ಕವಂದಿಯ ದಾರಿಯೇ ಬೇರೆ. ಅವರು ಅಂಚಿನಿಂದಲೇ ಶುರು ಮಾಡಿ, ತುಂಡುಗಳನ್ನು ಮಡಚಿ ಇಡುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಅಂಚು ಮೊದಲ ಸುತ್ತಿನಲ್ಲೇ ಮುಗಿದಿರುತ್ತದೆ. ಕೊನೆಗೆ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಚಿದ ತುಂಡು ಇಟ್ಟು ಹೊಲಿಯುತ್ತಾರೆ. ಅದನ್ನು ಫುಲಾ ಅಂತಾರೆ, ಅಂದರೆ ಹೂವು. ನೀವು ಅಂಥದ್ದು ಹೊಲಿಯುತ್ತಿದ್ದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ!

ಪಟ್ಟಿ ಬೇಕಾಗುವುದು ನಡುವೆ ಹತ್ತಿ ಪದರ ಇಟ್ಟಾಗ, ಇಲ್ಲವೇ ಎಲ್ಲ ಹೊಲಿದ ಮೇಲೆ ಅಂಚನ್ನು ಕತ್ತರಿಸಿ ನೇರ ಮಾಡಿದಾಗ. ಇನ್ನೊಂದು ಮಾತು. ಹೊದ್ದುಕೊಳ್ಳುವಾಗ ಹಿಡಿದು ಎಳೆಯುವುದು ಅಂಚನ್ನೇ, ಒಗೆಯುವಾಗ ಉಜ್ಜುವುದೂ ಅಂಚನ್ನೇ. ಮೊದಲು ಸವೆಯುವುದು ಅದು. ಎರಡು ಪದರದ ಪಟ್ಟಿ ಇದ್ದರೆ ಅಷ್ಟು ವರ್ಷ ಜಾಸ್ತಿ ಬಾಳಿಕೆ.

ಪಟ್ಟಿ ಎಷ್ಟು ಅಗಲ ಇರಬೇಕು? ಎಷ್ಟು ಬಟ್ಟೆ ತರಬೇಕು?

ತೆಳ್ಳಗಿನ ಕೌದಿಗೆ 2.25 ಇಂಚು, ದಪ್ಪ ಹತ್ತಿ ಪದರ ಇದ್ದರೆ 2.5 ಇಂಚು. ಇದನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಬೇಕು. ಆಗ ಅಂಚಿನ ಸುತ್ತ ಎರಡು ಪದರ ಬರುತ್ತದೆ, ಹಿಂಭಾಗದಲ್ಲಿ ಕೈಹೊಲಿಗೆ ಹಾಕಲು ನೀಟಾದ ಮಡಿಕೆಯೂ ಸಿಗುತ್ತದೆ. ಕಾಣದ ಹೊಲಿಗೆಯ ಅರ್ಧ ಗುಟ್ಟು ಈ ಇಸ್ತ್ರಿಯ ಗೆರೆಯಲ್ಲೇ ಇದೆ.

ಲೆಕ್ಕ ಹೀಗೆ. ಕೌದಿ 60 ಇಂಚು ಅಗಲ, 90 ಇಂಚು ಉದ್ದ ಅಂದುಕೊಳ್ಳಿ. ಸುತ್ತಳತೆ 300 ಇಂಚು. ಮೂಲೆಗೆ, ತುದಿ ಜೋಡಿಸಲು 12 ಇಂಚು ಸೇರಿಸಿ. ಒಟ್ಟು 312. ಬಟ್ಟೆಯ ಪನ್ನ 44 ಇಂಚು ಇದ್ದರೂ ಕಿನಾರೆ ತೆಗೆದು, ಓರೆಯಾಗಿ ಜೋಡಿಸಿದ ಮೇಲೆ ಒಂದು ಪಟ್ಟಿಯಿಂದ 40 ಇಂಚು ಸಿಕ್ಕರೆ ಪುಣ್ಯ. ಅಂದರೆ 8 ಪಟ್ಟಿ. ಒಂದೊಂದು 2.5 ಇಂಚಿನಂತೆ 20 ಇಂಚು ಬಟ್ಟೆ, ಅರ್ಧ ಮೀಟರಿಗಿಂತ ಒಂಚೂರು ಜಾಸ್ತಿ. ನಾನು ಮುಕ್ಕಾಲು ಮೀಟರ್ ತರುತ್ತೇನೆ. ಅಂಗಡಿಯಲ್ಲಿ ಸೊಟ್ಟಗೆ ಹರಿದು ಕೊಡುತ್ತಾರೆ, ಒಗೆದರೆ ಕುಗ್ಗುತ್ತದೆ. ಉಳಿದದ್ದು ಇನ್ನೊಂದು ಕೌದಿಗೆ ಬಂದೇ ಬರುತ್ತದೆ ಅಲ್ವಾ?

ಪಟ್ಟಿಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಬೇಡಿ. ಓರೆಯಾಗಿ ಜೋಡಿಸಿ, ಹೊಲಿಗೆಯ ಎರಡೂ ಬದಿ ಬಿಡಿಸಿ ಇಸ್ತ್ರಿ ಮಾಡಿ. ನೇರ ಜೋಡಣೆಯಲ್ಲಿ ಅಷ್ಟೂ ಪದರ ಒಂದೇ ಕಡೆ ಕೂತು ಗಂಟಿನ ಹಾಗೆ ಉಬ್ಬುತ್ತದೆ. ಅಲ್ಲಿ ಸೂಜಿಯೂ ಇಳಿಯುವುದಿಲ್ಲ.

ಕ್ರಾಸ್ ಪಟ್ಟಿಯೇ ಆಗಬೇಕಾ?

ಕುಪ್ಪಸದ ಕೊರಳಿಗೆ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ತೆಗೆದ ಪಟ್ಟಿ, ಇಟ್ಟು ಅಭ್ಯಾಸ ಇರುವವರು ಇದನ್ನು ಕೇಳುತ್ತಾರೆ. ಅಂಚು ನೇರ ಇದ್ದರೆ ಬೇಡ. ದುಂಡಗಿನ ಮೂಲೆ, ಅಲೆಯಂಥ ಅಂಚು ಇದ್ದರೆ ಬೇಕು. ಕ್ರಾಸ್ ಪಟ್ಟಿ ಎಳೆದರೆ ಹಿಗ್ಗುತ್ತದೆ, ಹೊಸಬರ ಕೈಯಲ್ಲಿ ಇದು ತಾಪತ್ರಯ.

ಯಾವ ಬಟ್ಟೆ ಒಳ್ಳೆಯದು? ಹಳೆ ಸೀರೆಯ ಅಂಚು ಬಳಸಬಹುದಾ?

ಒತ್ತಾಗಿ ನೇಯ್ದ, ತೆಳ್ಳಗಿನ ಹತ್ತಿ ಬಟ್ಟೆ. ಇಸ್ತ್ರಿ ಗೆರೆ ಕೂರಬೇಕು, ಅದೇ ಪರೀಕ್ಷೆ. ಉಗುರಿನಿಂದ ಗೀರಿದರೆ ಮಡಿಕೆ ನಿಲ್ಲುತ್ತದಾ ನೋಡಿ.

ಇಳಕಲ್ ಸೀರೆಯ ದಡಿ ಇಟ್ಟು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ರೇಷ್ಮೆ ನೂಲಿನ ದಡಿ ಜಾರುತ್ತದೆ, ಕತ್ತರಿಸಿದ ಕಡೆ ಎಳೆ ಬಿಡುತ್ತದೆ, ಇಸ್ತ್ರಿ ಮಾಡಿದ ಮಡಿಕೆ ತಾನೇ ಎದ್ದು ಬರುತ್ತದೆ. ಗೋಡೆಗೆ ತೂಗುಹಾಕುವ ಕೌದಿಗೆ ಸರಿ. ದಿನಾ ಹೊದೆಯುವುದಕ್ಕೆ ಬೇಡ. ಹಳೆ ಸೀರೆಯ ಮೈ ಮೆತ್ತಗಿರುತ್ತದೆ, ಆದರೆ ಸವೆದಿರುತ್ತದೆ. ಅದನ್ನು ಕೌದಿಯ ನಡುವಿಗೆ ಇಟ್ಟು ಅಂಚಿಗೆ ಹೊಸ ಬಟ್ಟೆ ಹಾಕಿ.

ಏನೇ ಆಗಲಿ, ಮೊದಲು ಒಗೆಯಿರಿ. ಒಮ್ಮೆ ಬಿಳಿ ಹಿಂಬಟ್ಟೆಯ ಕೂಸಿನ ಕೌದಿಗೆ ಕೆಂಪು ಪಟ್ಟಿ ಹಾಕಿದೆ. ಅಂಗಡಿಯವರು "ಬಣ್ಣ ಹೋಗಲ್ಲ ತಗೊಳ್ಳಿ ಅಕ್ಕಾ" ಅಂದಿದ್ದರು, ನಂಬಿದೆ. ಮೊದಲ ಒಗೆತಕ್ಕೇ ಸುತ್ತಲೂ ಎರಡು ಬೆರಳಗಲ ಗುಲಾಬಿ ಬಣ್ಣ ಹಬ್ಬಿತು. ನೋಡಿದವರು ಬೇಕಂತಲೇ ಮಾಡಿದ್ದೀರಿ ಅಂದುಕೊಂಡರು. ನಾನೂ ಸುಮ್ನೆ ಹೂಂ ಅಂದೆ. ಈಗ ಪಟ್ಟಿಯ ಬಟ್ಟೆಯ ತುಂಡನ್ನು ಬಿಸಿ ನೀರಲ್ಲಿ ಅದ್ದಿ, ಹಳೆಯ ಬಿಳಿ ಕರ್ಚೀಫಿನಲ್ಲಿ ಸುತ್ತಿ ಹಿಂಡಿ ನೋಡದೆ ಕತ್ತರಿ ಹಿಡಿಯುವುದಿಲ್ಲ.

ಸೂಜಿ, ದಾರ ಯಾವುದು?

ತೆಳ್ಳಗಿನ, ಚೂಪು ಮೂತಿಯ ಕೈಸೂಜಿ, 9 ಅಥವಾ 10 ನಂಬರ್. ಕೈಸೂಜಿಯಲ್ಲಿ ನಂಬರ್ ಹೆಚ್ಚಿದಷ್ಟೂ ಸೂಜಿ ಸಣ್ಣ. ಕೌದಿಯ ಮೈಗೆ ಹಾಕಿದ ದಪ್ಪ ದಾರ, ದೊಡ್ಡ ಸೂಜಿ ಎರಡನ್ನೂ ಪಕ್ಕಕ್ಕಿಡಿ. ಟೈಲರ್‌ಗಳು ಬಳಸುವ ಮಾಮೂಲಿ ರೀಲಿನ ದಾರ ಸಾಕು, ಒಂದೇ ಎಳೆ. ಹತ್ತಿಯದಾದರೆ ಇನ್ನೂ ಚೆನ್ನ, ಬಟ್ಟೆಯೊಳಗೆ ಕೂತುಬಿಡುತ್ತದೆ.

ದಾರದ ಬಣ್ಣ ಪಟ್ಟಿಗೆ ಹೊಂದಬೇಕು, ಹಿಂಬಟ್ಟೆಗಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಸರಿಯಾದ ಬಣ್ಣ ಸಿಗದಿದ್ದರೆ ಒಂದು ಛಾಯೆ ಗಾಢವಾದದ್ದನ್ನು ತೆಗೆದುಕೊಳ್ಳಿ. ತಿಳಿ ದಾರ ಮಿನುಗುತ್ತದೆ, ಗಾಢ ದಾರ ನೆರಳಿನಂತೆ ಅಡಗುತ್ತದೆ. ನಾಲ್ಕಾರು ಬಣ್ಣದ ಪಟ್ಟಿಗೆ ಬೂದು ಬಣ್ಣದ ದಾರ ಒಗ್ಗುತ್ತದೆ. ಬಣ್ಣ ಆರಿಸುವುದು ಹಗಲಿನ ಬೆಳಕಿನಲ್ಲಿ.

ದಾರದ ಉದ್ದ ಒಂದು ಮೊಳ. ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಸುಮಾರು 18 ಇಂಚು. ಪದೇ ಪದೇ ಪೋಣಿಸುವುದು ತಪ್ಪಲಿ ಅಂತ ಮಾರುದ್ದ ತೆಗೆದರೆ ಸಿಕ್ಕುಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಪೋಣಿಸಿದ ಮೇಲೆ ಜೇನುಮೇಣದ ಮೇಲೆ ಒಮ್ಮೆ ಎಳೆದರೆ ದಾರ ಸುರುಳಿ ಸುತ್ತುವುದು ಕಡಿಮೆ.

ಮಿಷನ್ ಕೆಲಸ ಎಲ್ಲಿಂದ ಶುರು ಮಾಡಲಿ?

ಒಂದು ಬದಿಯ ನಡುವಿನಿಂದ, ಮೂಲೆಯಿಂದ ದೂರ. ಮಡಚಿದ ಪಟ್ಟಿಯ ತೆರೆದ ಅಂಚು ಕೌದಿಯ ಅಂಚಿಗೆ ಸರಿಯಾಗಿ ಕೂರಲಿ, ಮಡಿಕೆ ಕೌದಿಯ ಒಳಮುಖಕ್ಕೆ ಇರಲಿ. ಶುರುವಿನಲ್ಲಿ 10 ಇಂಚು ಪಟ್ಟಿ ಹಾಗೇ ಬಿಟ್ಟು, ಅಂಚಿನಿಂದ ಕಾಲಿಂಚು ಒಳಗೆ ಹೊಲಿಯುತ್ತಾ ಹೋಗಿ. ಈ ಕಾಲಿಂಚು ಉದ್ದಕ್ಕೂ ಒಂದೇ ಸಮ ಇರಬೇಕು. ಇಲ್ಲಿ ಸೊಟ್ಟಾದರೆ ಹಿಂದೆ ಎಂಥ ಕೈಹೊಲಿಗೆಯೂ ಅದನ್ನು ಸರಿಪಡಿಸಲಾರದು.

ಮೂಲೆಯಲ್ಲಿ ಪಟ್ಟಿ ಹೇಗೆ ತಿರುಗಿಸುವುದು?

ಮೂಲೆ ಇನ್ನು ಕಾಲಿಂಚು ಇದೆ ಅನ್ನುವಾಗ ನಿಲ್ಲಿಸಿ. ಸೂಜಿ ಬಟ್ಟೆಯಲ್ಲೇ ಇರಲಿ. ಬಟ್ಟೆ ತಿರುಗಿಸಿ, ಮೂಲೆಯ ತುದಿಗೆ ಓರೆಯಾಗಿ ಹೊಲಿದು ಹೊರಗೆ ಬನ್ನಿ. ದಾರ ಕತ್ತರಿಸಿ. ಈಗ ಪಟ್ಟಿಯನ್ನು ಮೇಲಕ್ಕೆ, ಮುಂದಿನ ಬದಿಗೆ ನೇರ ಸಾಲಾಗಿ ಮಡಚಿ. ಮೂಲೆಯಲ್ಲಿ ಓರೆ ಮಡಿಕೆ ತಾನಾಗಿ ಬೀಳುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದು, ಪಟ್ಟಿಯನ್ನು ಮತ್ತೆ ಕೆಳಕ್ಕೆ ತನ್ನಿ. ಮೇಲಿನ ಮಡಿಕೆ ಮುಗಿಸಿದ ಬದಿಯ ಅಂಚಿಗೆ ಸಮ ಇರಬೇಕು. ಅಲ್ಲಿಂದ, ತುದಿಯಿಂದಲೇ ಹೊಸ ಬದಿಯ ಹೊಲಿಗೆ ಶುರು.

ಓದಿದರೆ ತಲೆ ತಿರುಗುತ್ತದೆ. ಒಂದು ಹಳೆ ಪೋಸ್ಟ್‌ಕಾರ್ಡ್, ಒಂದು ರಿಬ್ಬನ್ ತೆಗೆದುಕೊಂಡು ಎರಡು ಸಲ ಮಡಚಿ ನೋಡಿ, ಗೊತ್ತಾಗಿಬಿಡುತ್ತದೆ.

ಕೊನೆಯಲ್ಲಿ ಎರಡು ತುದಿ ಜೋಡಿಸುವುದು?

ಶುರುವಿನ ಜಾಗಕ್ಕೆ ಹತ್ತು ಹನ್ನೆರಡು ಇಂಚು ಇರುವಾಗ ನಿಲ್ಲಿಸಿ. ಎರಡೂ ತುದಿಗಳನ್ನು ಒಂದರ ಮೇಲೊಂದು ಹಾಸಿ, ಪಟ್ಟಿ ಕತ್ತರಿಸಿದ ಅಗಲ ಎಷ್ಟೋ ಅಷ್ಟೇ ಒಂದರ ಮೇಲೊಂದು ಬರುವಂತೆ ಉಳಿಸಿ, ಮಿಕ್ಕಿದ್ದು ಕತ್ತರಿಸಿ. 2.5 ಇಂಚಿನ ಪಟ್ಟಿಗೆ 2.5 ಇಂಚು. ಆಮೇಲೆ ಎರಡೂ ತುದಿ ಬಿಡಿಸಿ, ಒಳ್ಳೆಯ ಮುಖ ಎದುರುಬದುರಾಗಿ, ಅಡ್ಡ ಉದ್ದ ಇಟ್ಟು ಓರೆ ಹೊಲಿಗೆ. ಮೊದಲು ಪಿನ್ ಹಾಕಿ, ಸರಿಯಾಗಿ ಕೂರುತ್ತದೆ ಅಂತ ನೋಡಿಯೇ ಮಿಕ್ಕ ಮೂಲೆ ಕತ್ತರಿಸಿ. ಪಟ್ಟಿ ತಿರುಚಿಕೊಂಡ ಹಾಗೆ ಹೊಲಿದು ಬಿಚ್ಚದವರು ಯಾರೂ ಇಲ್ಲ.

ಸರಿ, ಕಾಣದ ಹೊಲಿಗೆ ಹಾಕುವುದು ಹೇಗೆ?

ಪಟ್ಟಿಯನ್ನು ಹಿಂದಕ್ಕೆ ಮಡಚಿ. ಮಡಿಕೆ ಮಿಷನ್ ಹೊಲಿಗೆಯ ಸಾಲನ್ನು ಕೂದಲೆಳೆಯಷ್ಟು ದಾಟಿ ಮುಚ್ಚಬೇಕು. ಒಂದು ಅಡಿ ಉದ್ದಕ್ಕೆ ನಾಲ್ಕೈದು ಕ್ಲಿಪ್ ಹಾಕಿ. ಕೂದಲಿಗೆ ಹಾಕುವ ಟಿಕ್‌ಟಾಕ್ ಪಿನ್ನೇ ಸಾಕು, ಗುಂಡುಪಿನ್ನಿನಂತೆ ಚುಚ್ಚುವುದಿಲ್ಲ. ಪೂರ್ತಿ ಕೌದಿಗೆ ಒಮ್ಮೆಲೇ ಹಾಕಬೇಡಿ, ಮುಂದೆ ಮುಂದೆ ಸರಿಸುತ್ತಾ ಹೋಗಿ.

ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯುತ್ತಾರೆ, ಎಡಗೈಯವರು ಎಡದಿಂದ ಬಲಕ್ಕೆ. ಸೂಜಿ ಮಡಿಕೆಯ ತುದಿಯಿಂದ ಹೊರಗೆ ಬಂದಿದೆ ಅಂದುಕೊಳ್ಳಿ. ಈಗ ಅದರ ನೇರ ಎದುರಿಗೆ, ಮಡಿಕೆಯ ಬುಡದಲ್ಲಿ, ಹಿಂಬಟ್ಟೆಗೆ ಸೂಜಿ ಇಳಿಸಿ. ಹಿಂಬಟ್ಟೆಯ ಅಡಿಯಲ್ಲೇ ಎಂಟನೇ ಒಂದು ಇಂಚು, ಸುಮಾರು 3 ಮಿಲಿಮೀಟರ್, ಮುಂದಕ್ಕೆ ಸರಿದು ಮೇಲೆ ಬನ್ನಿ. ಮತ್ತೆ ನೇರ ಎದುರಿಗೆ ಮಡಿಕೆಯೊಳಗೆ ಹೋಗಿ. ಮಡಿಕೆಯ ಕೊಳವೆಯೊಳಗೇ 3 ಮಿಲಿಮೀಟರ್ ಸರಿದು ಹೊರಗೆ ಬನ್ನಿ. ಮತ್ತೆ ಎದುರಿಗೆ ಹಿಂಬಟ್ಟೆ.

ನಾಲ್ಕೈದು ಹೊಲಿಗೆ ಸಡಿಲವಾಗಿಯೇ ಹಾಕಿ ನೋಡಿ. ಮಡಿಕೆಗೂ ಹಿಂಬಟ್ಟೆಗೂ ನಡುವೆ ಸಣ್ಣ ಏಣಿಯ ಮೆಟ್ಟಿಲು ಕಾಣುತ್ತದೆ. ಈಗ ದಾರವನ್ನು ಅಂಚಿನ ಉದ್ದಕ್ಕೇ, ಹೊಲಿಯುವ ದಿಕ್ಕಿಗೆ ಮೆಲ್ಲಗೆ ಎಳೆಯಿರಿ. ಮೆಟ್ಟಿಲು ಒಂದೊಂದಾಗಿ ಒಳಗೆ ಮುಳುಗುತ್ತವೆ. ದಾರ ಹೋಯಿತೆಲ್ಲಿ ಅನ್ನಿಸಬೇಕು. ಜಾಸ್ತಿ ಎಳೆದರೆ ಲಂಗದ ಲಾಡಿ ಎಳೆದ ಹಾಗೆ ನೆರಿಗೆ ಬೀಳುತ್ತದೆ. ಆಗ ಹೆಬ್ಬೆರಳಿಂದ ಅಂಚನ್ನು ಒಮ್ಮೆ ಹಿಗ್ಗಿಸಿ ಸವರಿದರೆ ಸರಿಹೋಗುತ್ತದೆ.

ನನಗೆ ಇದನ್ನು ಕಲಿಸಿದ್ದು ಧಾರವಾಡದಲ್ಲಿದ್ದ ನಮ್ಮ ಸೋದರತ್ತೆ. ನಾನು ಹೊಲಿಗೆ ಸಣ್ಣದು ಮಾಡಲು ಕಣ್ಣು ಕಿರಿದು ಮಾಡಿ ಒದ್ದಾಡುತ್ತಿದ್ದರೆ, "ಸಣ್ಣದ್ ದೊಡ್ಡದ್ ಆಮ್ಯಾಲ ನೋಡೂಣಂತ. ಸೂಜಿ ಎಲ್ಲಿ ಹೊರಗ ಬಂತು, ಅದರ ಎದುರಿಗೇ ಇಳಸವಾ" ಅನ್ನುತ್ತಿದ್ದರು. ಇಷ್ಟು ವರ್ಷದ ಮೇಲೂ ನಾನು ಬೇರೆಯವರಿಗೆ ಹೇಳಿಕೊಡುವುದು ಅದನ್ನೇ. ಒಂದಿಂಚಿಗೆ 8 ಹೊಲಿಗೆ ಬಂದರೆ ಧಾರಾಳ ಆಯಿತು. 6 ಬಂದರೂ, ಎದುರಿಗೇ ಇಳಿದಿದ್ದರೆ, ಕಾಣುವುದಿಲ್ಲ. 12 ಹಾಕಿ ಓರೆಯಾಗಿ ಇಳಿಸಿದರೆ ಇರುವೆ ಸಾಲು ಹೋದ ಹಾಗೆ ಕಾಣುತ್ತದೆ.

ಸೀರೆಗೆ ಫಾಲ್ ಹಾಕಿ ಗೊತ್ತು. ಅದೇ ಹೊಲಿಗೆ ಅಲ್ವಾ?

ಹತ್ತಿರದ ನೆಂಟ. ಫಾಲ್ ಹಾಕುವಾಗ, ಕುಪ್ಪಸದ ತೋಳಿಗೆ ಹೆಮ್ಮಿಂಗ್ ಮಾಡುವಾಗ, ಕೆಳಗಿನ ಬಟ್ಟೆಯ ಒಂದೆರಡು ಎಳೆ ಎತ್ತಿ ಓರೆಯಾಗಿ ಮುಂದೆ ಹೋಗುತ್ತೇವೆ. ಸೀರೆಯ ಮೇಲ್ಮುಖದಲ್ಲಿ ಚುಕ್ಕೆ ಮಾತ್ರ ಕಾಣುತ್ತದೆ, ಒಳಮುಖದ ಓರೆ ದಾರ ಯಾರೂ ನೋಡುವುದಿಲ್ಲ. ಕೌದಿಯಲ್ಲಿ ನಾವು ಹೊಲಿಯುವ ಮುಖವೇ ಕಾಣುವ ಮುಖ. ಓರೆ ಹೋದ ಪ್ರತಿ ದಾರವೂ ಬಟ್ಟೆಯ ಮೇಲೆ ಮಲಗುತ್ತದೆ. ಫಾಲ್ ಹಾಕಿ ಪಳಗಿದ ಕೈ ಬೇಗ ಕಲಿಯುತ್ತದೆ, ನಿಜ. ಆದರೆ ಮೊದಲ ಒಂದು ಗಂಟೆ ಆ ಕೈಯ ಓರೆ ಅಭ್ಯಾಸ ಬಿಡಿಸುವುದೇ ಕೆಲಸ.

ದಾರ ಅಲ್ಲಲ್ಲಿ ಕಾಣ್ತಿದೆ. ಎಲ್ಲಿ ತಪ್ಪು?

ಮೇಲೆ ಹೇಳಿದ ಓರೆಯೇ ಮೊದಲ ಕಾರಣ. ಎರಡನೆಯದು, ಸೂಜಿ ಮಡಿಕೆಯ ತುದಿಯಿಂದ ಬರದೆ ಪಟ್ಟಿಯ ಮೈಮೇಲಿಂದ ಬಂದಿರುತ್ತದೆ. ಮಡಿಕೆಯ ಅಂಚಿನ ಎರಡು ಎಳೆಯನ್ನಷ್ಟೇ ಹಿಡಿಯಬೇಕು. ಇನ್ನೊಂದು, ದಾರ ಸಡಿಲ. ಒಂದೊಂದು ಹೊಲಿಗೆಗೂ ಎಳೆಯಬೇಕಿಲ್ಲ, ನಾಲ್ಕೈದಕ್ಕೊಮ್ಮೆ ಮರೆಯದೆ ಎಳೆಯಿರಿ.

ಹೊಲಿಗೆ ಮುಂಭಾಗಕ್ಕೆ ತೂರಿ ಬಂದಿದೆ. ಬಿಚ್ಚಬೇಕಾ?

ಒಂದೆರಡಾದರೆ ಬಿಡಿ. ಸಾಲಾಗಿ ಬಂದಿದ್ದರೆ ಬಿಚ್ಚಿ. ನಾನು ಒಮ್ಮೆ ಟಿವಿ ನೋಡುತ್ತಾ ಎರಡು ಅಡಿ ಹೀಗೇ ಹೊಲಿದಿದ್ದೆ. ತಿರುಗಿಸಿ ನೋಡುವ ಹೊತ್ತಿಗೆ ಧಾರಾವಾಹಿಯೂ ಮುಗಿದಿತ್ತು. ಈಗ ಎಡಗೈಯ ಬೆರಳು ಅಡಿಯಲ್ಲಿಟ್ಟುಕೊಳ್ಳುತ್ತೇನೆ. ಸೂಜಿಯ ಮೊನೆ ಬೆರಳಿಗೆ ತಾಗಿತು ಅಂದರೆ ಆಳ ಹೋಯಿತು ಅಂತ ಅರ್ಥ. ಹಿಂಬಟ್ಟೆ ಮತ್ತು ಒಳಗಿನ ಹತ್ತಿಯ ಒಂಚೂರು, ಅಷ್ಟನ್ನೇ ಸೂಜಿ ಹಿಡಿಯಲಿ.

ಹಿಂಭಾಗದ ಮೂಲೆ ನೀಟಾಗಿ ಬರುವುದಿಲ್ಲ.

ಒಂದು ಬದಿಯ ಪಟ್ಟಿಯನ್ನು ಮೂಲೆಯ ಕೊನೆಯವರೆಗೂ ಚಪ್ಪಟೆಯಾಗಿ ಮಡಚಿ, ಎರಡನೆಯ ಬದಿಯನ್ನು ಅದರ ಮೇಲೆ ತನ್ನಿ. ಓರೆ ಗೆರೆ ಬೀಳುತ್ತದೆ. ಯಾವ ಬದಿ ಮೊದಲು ಅನ್ನುವುದು ಮುಖ್ಯ. ಮುಂಭಾಗದ ಮಡಿಕೆಯ ದಪ್ಪ ಯಾವ ಕಡೆ ಬಿದ್ದಿದೆ ಅಂತ ಬೆರಳಲ್ಲಿ ಹಿಸುಕಿ ನೋಡಿ, ಹಿಂಭಾಗದ ಮಡಿಕೆ ಅದಕ್ಕೆ ಉಲ್ಟಾ ದಿಕ್ಕಿಗೆ ಬೀಳಲಿ. ದಪ್ಪ ಎರಡೂ ಕಡೆ ಹಂಚಿಹೋಗುತ್ತದೆ, ಮೂಲೆ ಚೂಪಾಗಿ ಕೂರುತ್ತದೆ.

ಮೂಲೆಗೆ ಬಂದಾಗ ಓರೆ ಗೆರೆಯ ಮೇಲೂ ಮೂರು ನಾಲ್ಕು ಕಾಣದ ಹೊಲಿಗೆ ಹಾಕಿ. ತುದಿಯಲ್ಲಿ ಸೂಜಿಯನ್ನು ಮುಂಭಾಗಕ್ಕೆ ದಾಟಿಸಿ ಅಲ್ಲಿನ ಓರೆಯನ್ನೂ ಮುಚ್ಚಿ, ಮತ್ತೆ ಹಿಂದಕ್ಕೆ ಬನ್ನಿ. ಅಮೆರಿಕದ ಕ್ವಿಲ್ಟ್ ಪ್ರದರ್ಶನಗಳಲ್ಲಿ ತೀರ್ಪುಗಾರರು ಈ ಮೂಲೆಗಳನ್ನು ಬೆರಳಿನಿಂದ ತೆರೆದು ನೋಡುತ್ತಾರೆ, ಪಟ್ಟಿಯೊಳಗೆ ಟೊಳ್ಳು ಇದೆಯಾ ಅಂತ ಹಿಚುಕಿಯೂ ನೋಡುತ್ತಾರೆ. ಅಲ್ಲಿನ ಕನ್ನಡತಿಯರು ಯಾರಾದರೂ ಸ್ಪರ್ಧೆಗೆ ಕಳಿಸುವ ಯೋಚನೆಯಲ್ಲಿದ್ದರೆ ಇದು ನೆನಪಿರಲಿ.

ಗಂಟು ಎಲ್ಲಿ ಅಡಗಿಸಲಿ?

ಶುರುವಿನ ಗಂಟು ಪಟ್ಟಿಯ ಅಡಿಯಲ್ಲಿ, ಮಿಷನ್ ಹೊಲಿಗೆಯ ಆಚೆಗಿನ ಕಾಲಿಂಚಿನಲ್ಲಿ. ಪಟ್ಟಿ ಮಡಚಿದರೆ ಮುಚ್ಚಿಹೋಯಿತು. ಮುಗಿಸುವಾಗ ಪಟ್ಟಿಯ ಅಡಿಯಲ್ಲೇ ಒಂದರ ಮೇಲೊಂದು ಎರಡು ಪುಟ್ಟ ಹೊಲಿಗೆ ಹಾಕಿ, ಸೂಜಿಯನ್ನು ಹತ್ತಿಯ ನಡುವೆ ಒಂದಿಂಚು ಓಡಿಸಿ ಹೊರತೆಗೆದು, ದಾರ ಸ್ವಲ್ಪ ಎಳೆದು ಹಿಡಿದು ಬುಡಕ್ಕೆ ಕತ್ತರಿಸಿ. ತುದಿ ಒಳಗೆ ಸರಿದುಕೊಳ್ಳುತ್ತದೆ.

ಒಗೆತಕ್ಕೆ ತಡೆಯುತ್ತದಾ? ಎಷ್ಟು ಹೊತ್ತು ಹಿಡಿಯುತ್ತದೆ?

ತಡೆಯುತ್ತದೆ. ಒಂದು ಮೊಳದ ದಾರ ಒಂದಡಿ ಚಿಲ್ಲರೆ ಹೊಲಿದ ಮೇಲೆ ಮುಗಿಯುತ್ತದೆ, ಅಲ್ಲಿ ಗಂಟು ಬೀಳುತ್ತದೆ. ಎಲ್ಲೋ ಒಂದು ಕಡೆ ದಾರ ಹರಿದರೂ ಬಿಚ್ಚುವುದು ಅಷ್ಟೇ ಉದ್ದ. ಗಿಡ್ಡ ದಾರದ ಇನ್ನೊಂದು ಲಾಭ ಇದು.

300 ಇಂಚಿನ ಅಂಚಿಗೆ, ಇಂಚಿಗೆ 8ರಂತೆ, 2400 ಹೊಲಿಗೆ. ನನ್ನ ಕೈಗೆ ಗಂಟೆಗೆ 40 ಇಂಚು ಆಗುತ್ತದೆ, ಅಂದರೆ ಏಳೂವರೆ ಗಂಟೆ. ಒಂದೇ ದಿನ ಕೂತು ಮಾಡುವ ಕೆಲಸ ಅಲ್ಲ. ದಿನಕ್ಕೆ ಒಂದು ಬದಿ ಅಂತಿಟ್ಟುಕೊಂಡರೆ ಕುತ್ತಿಗೆ ಉಳಿಯುತ್ತದೆ. ದಿನಾ ವಾಷಿಂಗ್ ಮಿಷನ್ನಿಗೆ ಬೀಳುವ ಮಕ್ಕಳ ಹೊದಿಕೆಗೆ ಎರಡೂ ಕಡೆ ಮಿಷನ್ ಹೊಲಿಗೆಯೇ ಸಾಕು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಅಂಚು ಅಲೆ ಅಲೆಯಾಗಿ ನಿಂತಿದೆ, ಯಾಕೆ?

ಹೊಲಿಯುವಾಗ ಪಟ್ಟಿ ಅಥವಾ ಕೌದಿಯ ಅಂಚು ಹಿಗ್ಗಿದೆ. ಪಟ್ಟಿ ಹಚ್ಚುವ ಮೊದಲು ಸುತ್ತಲೂ ಅಂಚಿನಿಂದ ಎಂಟನೇ ಒಂದು ಇಂಚಿನಲ್ಲಿ ಉದ್ದುದ್ದ ಹೊಲಿಗೆ ಹಾಕಿದರೆ ಪದರಗಳು ಜಾರುವುದಿಲ್ಲ. ಹೊಲಿದಾದ ಮೇಲೆ ಇದಕ್ಕೆ ಮದ್ದು ಕಡಿಮೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ ನೋಡಿ, ಸ್ವಲ್ಪ ಕೂರುತ್ತದೆ.

ಕಣ್ಣು ಮಂದ, ಬೆರಳು ನೋಯುತ್ತದೆ. ಮಾಡಬಹುದಾ?

ಮಾಡಬಹುದು. ಬೆಳಿಗ್ಗೆ ಒಂದೇ ಸಲಕ್ಕೆ ಹತ್ತು ಸೂಜಿಗೆ ದಾರ ಪೋಣಿಸಿ ಇಡಲು ಮಕ್ಕಳಿಗೆ ಹೇಳಿ. ನಡುಬೆರಳಿಗೆ ಅಂಗುಸ್ತಾನ ಹಾಕಿ. ಕಪ್ಪು ಪಟ್ಟಿಗೆ ಕಪ್ಪು ದಾರದ ಕೆಲಸ ಮಾತ್ರ ಸಂಜೆಗೆ ಇಟ್ಟುಕೊಳ್ಳಬೇಡಿ.

ಅಮ್ಮನ ಹಳೆ ಕೌದಿಯ ಅಂಚು ಹರಿದಿದೆ. ಹಳೆಯದನ್ನು ಕತ್ತರಿಸಿ ತೆಗೆಯಲಾ?

ಬೇಡ. ಹರಿದ ಅಂಚನ್ನು ಹಾಗೇ ಒಳಗೆ ಸೇರಿಸಿ, ಅದರ ಮೇಲೇ ಹೊಸ ಪಟ್ಟಿ ಸುತ್ತಿ. ಆಗ ಪಟ್ಟಿಯ ಅಗಲ 3.5 ಇಂಚಿಗೆ ಏರಿಸಿ, ಹೊಲಿಗೆ ಅರ್ಧ ಇಂಚು ಒಳಗೆ ಬರಲಿ. ಜೀರ್ಣವಾದ ಬಟ್ಟೆ ಮಿಷನ್ನಿನ ಹಲ್ಲಿಗೆ ಸಿಕ್ಕಿ ಹರಿಯುತ್ತದೆ, ಮುಂಭಾಗವನ್ನೂ ಕೈಯಲ್ಲೇ ಹೊಲಿಯಿರಿ. ಅಮ್ಮ ಹಾಕಿದ ಉದ್ದುದ್ದ ಹೊಲಿಗೆಗಳ ಸಾಲು ಅಂಚಿನವರೆಗೂ ಬಂದಿರುತ್ತದೆ. ಅವುಗಳ ದಾರ ಕತ್ತರಿಸದೆ, ಸೂಜಿಯನ್ನು ಅವುಗಳ ಪಕ್ಕದಲ್ಲಿ ಇಳಿಸಿ.